ಭಾವನ ರೀಫ್ ಟ್ಯಾಂಕ್‌ಗೆ ಕಂಟ್ರೋಲರ್ ಬೇಕಿತ್ತಾ: ವಿಜಯನಗರದ ಒಂದು ಮನೆಯ ಪ್ರಕರಣ

ಜನವರಿಯ ಒಂದು ಮಂಗಳವಾರ ಬೆಳಗ್ಗೆ ಹತ್ತರ ಸುಮಾರಿಗೆ ಅಕ್ಕನ ಅತ್ತೆ ಹಾಲ್ ಒರೆಸಿ ಎದ್ದೇಳುವಾಗ ಭಾವನ ರೀಫ್ ಟ್ಯಾಂಕಿನ, ಅಂದ್ರೆ ಹವಳ ಮತ್ತು ಕಡಲ ಮೀನು ಸಾಕೋ ಉಪ್ಪುನೀರಿನ ಅಕ್ವೇರಿಯಮ್ಮಿನ, ಗಾಜಿಗೆ ಕೈ ಊರಿದ್ದಾರೆ. ದಿನಾ ತಣ್ಣಗಿರೋ ಗಾಜು ಆವತ್ತು ತಣ್ಣಗಿರ್ಲಿಲ್ಲ, ಯಾರದ್ದೋ ಮೈ ಮುಟ್ಟಿದಂಗಿತ್ತು ಅಂತ ಆಮೇಲೆ ಹೇಳಿದ್ರು. ಭಾವ ಚೆನ್ನೈಲಿ, ಅಕ್ಕ ಬ್ಯಾಂಕಲ್ಲಿ, ಅತ್ತೆ ನನಗೆ ಫೋನ್ ಮಾಡಿ "ಏನಪ್ಪಾ, ಈ ಮೀನಿನ ನೀರಿಗೆ ಜ್ವರ ಬಂದಿದೆಯಲ್ಲೋ" ಅಂದ್ರು. ನಾನು ರಾಜಾಜಿನಗರದಿಂದ ಗಾಡಿ ತಗೊಂಡು ಹೋಗೋಷ್ಟರಲ್ಲಿ ಹತ್ತೂ ಮುಕ್ಕಾಲು, ಥರ್ಮಾಮೀಟರ್ ಹಾಕಿದ್ರೆ 31.5. ಹೀಟರಿನ ಕೆಂಪು ಲೈಟ್ ಇನ್ನೂ ಉರೀತಾನೇ ಇತ್ತು. ಒಳಗಿನ ಥರ್ಮೋಸ್ಟಾಟ್ ಅಂಟ್ಕೊಂಡು ಬಿಟ್ಟಿತ್ತು, ಆಫ್ ಆಗೋದೇ ಮರ್ತಿತ್ತು.

ಆವತ್ತು ಒಂದು ಫೈರ್‌ಫಿಶ್ ಹೋಯ್ತು, ಎರಡು ಕ್ಲೀನರ್ ಸೀಗಡಿ ಹೋದ್ವು, ಕ್ಸೀನಿಯಾ ಅನ್ನೋ ಮೃದು ಹವಳ ಸಂಜೆ ಹೊತ್ತಿಗೆ ಬೆಂದ ಹೀರೇಕಾಯಿ ಥರ ಕರಗಿ ಬಿತ್ತು. ಕ್ಲೌನ್ ಮೀನಿನ ಜೋಡಿ ಉಳೀತು, ಆದ್ರೆ ಮೇಲ್ಗಡೆ ಬಂದು ಬಾಯಿ ಬಿಡ್ತಾ ಇದ್ವು. ಬಿಸಿ ನೀರಲ್ಲಿ ಆಕ್ಸಿಜನ್ ಕಮ್ಮಿ ಕರಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡವೇ ಹತ್ತು ಪರ್ಸೆಂಟ್ ಕಮ್ಮಿ, ಹಂಗಾಗಿ ಚೆನ್ನೈಲಿರೋ ಟ್ಯಾಂಕಿಗಿಂತ ನಮ್ಮ ನೀರಲ್ಲಿ ಮೊದಲೇ ಅಷ್ಟು ಆಕ್ಸಿಜನ್ ಕಮ್ಮಿ, ಇದನ್ನ ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಶುಕ್ರವಾರ ರಾತ್ರಿ ಭಾವ ಬಂದ್ರು. ಶನಿವಾರ ಬೆಳಗ್ಗೆ ಆರಕ್ಕೇ ನನಗೆ ಫೋನು. "ಕಂಟ್ರೋಲರ್ ತಗೊಳ್ತಿದೀನಿ, ಡಿಸೈಡ್ ಮಾಡಾಯ್ತು, ನೀನು ಬಂದು ಯಾವ್ದು ಅಂತ ಹೇಳು ಅಷ್ಟೇ." ರಾತ್ರಿಯೆಲ್ಲಾ ವಿಡಿಯೋ ನೋಡಿದ್ದಾರೆ ಅಂತ ದನಿಯಲ್ಲೇ ಗೊತ್ತಾಗ್ತಿತ್ತು. ಕಂಟ್ರೋಲರ್ ಅಂದ್ರೆ ಸೆನ್ಸರ್‌ಗಳಿಂದ ಟ್ಯಾಂಕಿನ ನೀರು ನೋಡ್ತಾ, ಹೀಟರ್ ಪಂಪುಗಳನ್ನ ತಾನೇ ಆನ್ ಆಫ್ ಮಾಡಿ, ಫೋನಿಗೆ ಮೆಸೇಜ್ ಕಳಿಸೋ ಡಬ್ಬಿ.

ಟ್ಯಾಂಕ್ ಬಗ್ಗೆ ಸ್ವಲ್ಪ ಹೇಳ್ಬಿಡ್ತೀನಿ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, ಕೆಳಗೆ ಕ್ಯಾಬಿನೆಟ್ಟಲ್ಲಿ ಸಂಪ್ (ಹೀಟರ್, ಪಂಪು ಇಡೋ ಎರಡನೇ ಗಾಜಿನ ತೊಟ್ಟಿ), ಕಲ್ಲು ಮರಳು ಕಳೆದು ಒಟ್ಟು ನೀರು ಹತ್ರತ್ರ 230 ಲೀಟರ್. ಒಳಗಡೆ ಕ್ಲೌನ್ ಜೋಡಿ, ಜೋಆಂಥಿಡ್ ಗುಂಪುಗಳು, ಮಶ್ರೂಮ್ ಹವಳ, ದೊಡ್ಡದೊಂದು ಲೆದರ್, ಹಸಿರು ಸ್ಟಾರ್ ಪಾಲಿಪ್, ಎಲ್ಲಾ ಮೆತ್ತನೆ ಜಾತಿ. ಗಟ್ಟಿ ಹವಳ ಒಂದೂ ಇಲ್ಲ, ಇಡೋ ಹಾಗೂ ಇಲ್ಲ. ಕಲ್ಲಿನಂಥ ಅಸ್ಥಿ ಕಟ್ಟೋ ಹವಳಗಳನ್ನೆಲ್ಲಾ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ಕ್ಕೆ 2001ರಲ್ಲಿ ಸೇರಿಸಿದ್ದಾರೆ, ಅಂದ್ರೆ ಹುಲಿ ಇರೋ ಪಟ್ಟಿಗೆ. ಸೀ ಫ್ಯಾನ್, ಸಮುದ್ರಕುದುರೆ ಕೂಡ ಆವಾಗ್ಲೇ ಅದಕ್ಕೆ ಸೇರಿದ್ವು. ಯಾರೋ ಮೆಲ್ಲಗೆ ಕಿವೀಲಿ "ಸಾರ್, ಆಕ್ರೋಪೋರಾ ಪೀಸ್ ಇದೆ" ಅಂತ ಗಟ್ಟಿ ಹವಳ ಕೊಡೋಕೆ ಬಂದ್ರೂ ಬೇಡ ಅಂತ ಮನೇಲಿ ಮೊದಲೇ ಮಾತಾಗಿತ್ತು. ಈ ವಿಷಯ ಕಂಟ್ರೋಲರ್ ಲೆಕ್ಕಕ್ಕೆ ಎಷ್ಟು ಮುಖ್ಯ ಅಂತ ಮುಂದೆ ಗೊತ್ತಾಗುತ್ತೆ.

ಮನೇಲಿ ಇರೋರು ಯಾರು ಅನ್ನೋದು ಇನ್ನೂ ಮುಖ್ಯ. ಭಾವ ಸೋಮವಾರದಿಂದ ಶುಕ್ರವಾರ ಚೆನ್ನೈ. ಅಕ್ಕ ಬೆಳಗ್ಗೆ ಎಂಟೂವರೆಗೆ ಹೊರಟ್ರೆ ಮನೆ ಸೇರೋದು ಏಳು. ಅತ್ತೆಗೆ 68, ಮಂಡಿನೋವು, ಕಣ್ಣಿಗೆ ಹೋದ್ವರ್ಷ ಆಪರೇಶನ್ ಆಗಿದೆ. ಮೀನಿಗೆ ಊಟ ಹಾಕೋದು ಅವರೇ, ತುಂಬಾ ಪ್ರೀತಿಯಿಂದ ಮತ್ತು ತುಂಬಾ ಜಾಸ್ತಿ.

ಭಾವನ ಹತ್ರ ಒಂದು ಕೊಟೇಶನ್ ಇತ್ತು. ಹೊರದೇಶದಿಂದ ತರಿಸಿ ಕೊಡೋರೊಬ್ರು ಬರೆದಿದ್ದು: ಕಂಟ್ರೋಲರ್, ಟೆಂಪರೇಚರ್ ಪ್ರೋಬ್ (ನೀರಲ್ಲಿ ಅದ್ದಿಡೋ ಅಳತೆ ಕಡ್ಡಿ), ಪಿಎಚ್, ಓಆರ್‌ಪಿ (ನೀರು ಎಷ್ಟು ಚೊಕ್ಕ ಅನ್ನೋ ಅಂದಾಜು), ಸಲಿನಿಟಿ (ಉಪ್ಪಿನಂಶ) ಪ್ರೋಬ್, ಎಂಟು ಪ್ಲಗ್ಗಿನ ಪವರ್ ಬಾರ್, ಎರಡು ಲೀಕ್ ಸೆನ್ಸರ್, ಜೊತೆಗೆ ತಾನೇ ನೀರು ತಗೊಂಡು ಆಲ್ಕಲಿನಿಟಿ (ನೀರಲ್ಲಿ ಕರಗಿರೋ ಕಾರ್ಬೋನೇಟ್ ಅಂಶ) ಟೆಸ್ಟ್ ಮಾಡೋ ಡಬ್ಬಿ. ಎಲ್ಲಾ ಸೇರಿ 1,35,000. ಬಿಲ್ ಇಲ್ಲ, ವಾರಂಟಿ ಅಂದ್ರೆ "ನೋಡೋಣ ಸಾರ್". ಈ ಲೈನಲ್ಲಿ ನೆಪ್ಚೂನ್‌ನ ಏಪೆಕ್ಸ್, ಜಿಎಚ್‌ಎಲ್‌ನ ಪ್ರೊಫಿಲಕ್ಸ್, ಹೈಡ್ರೋಸ್ ಇವೆಲ್ಲಾ ಇವೆ, ಒಳ್ಳೇ ಸಾಮಾನುಗಳೇ, ಅದ್ರಲ್ಲಿ ನನಗೆ ತಕರಾರಿಲ್ಲ. ಭಾವನ ವಾದವೂ ಸುಮ್ನೆ ತಳ್ಳಿಹಾಕೋ ಅಂಥದ್ದಲ್ಲ, "ಒಂದು ಹೀಟರ್ ಒಂದು ರಾತ್ರೀಲಿ ಹದಿನೈದು ಸಾವಿರದ ಜೀವ ತಿಂತು, ಇನ್ನೆರಡು ಸಲ ಹಿಂಗಾದ್ರೆ ಮುಗೀತಲ್ಲ" ಅಂದ್ರು.

ನಾನಂದೆ, ಭಾವ, ಒಂದು ಕೆಲ್ಸ ಮಾಡೋಣ, ಕಂಟ್ರೋಲರ್ ಏನೇನು ಮಾಡುತ್ತೆ ಅಂತ ನೋಡೋದು ಬೇಡ, ಈ ಟ್ಯಾಂಕಿಗೆ ಇಲ್ಲೀವರೆಗೆ ಏನೇನಾಗಿದೆ ಅಂತ ನೋಡೋಣ. ಅಕ್ಕನ ಹತ್ರ ಹಾಲಿನ ಲೆಕ್ಕದ ಪುಸ್ತಕ ಇದೆ, ಅದ್ರ ಹಿಂದಿನ ಪುಟಗಳಲ್ಲಿ ಟ್ಯಾಂಕಿನ ವಿಷ್ಯಾನೂ ಬರ್ದಿರ್ತಾಳೆ, ಯಾವತ್ತು ನೀರು ಬದ್ಲಾಯ್ಸಿದ್ದು, ಯಾವತ್ತು ಏನು ಸತ್ತಿದ್ದು. ಹದಿನಾಲ್ಕು ತಿಂಗಳಲ್ಲಿ ದೊಡ್ಡ ಎಡವಟ್ಟು ನಾಲ್ಕು ಸಿಕ್ಕಿದ್ವು.

ಮೊದಲನೇದು ಹೀಟರ್. ಕಂಟ್ರೋಲರ್ ಇದ್ದಿದ್ರೆ ತಡೀತಿತ್ತಾ ಅಂದ್ರೆ ಹೌದು, ನಿಯತ್ತಾಗಿ ಒಪ್ಕೋಬೇಕು, 26.5 ದಾಟಿದ ತಕ್ಷಣ ಪ್ಲಗ್ಗಿನ ಕರೆಂಟೇ ಕಟ್ ಮಾಡ್ತಿತ್ತು. ಆದ್ರೆ ಇದ್ರಲ್ಲಿ ಒಂದು ಲೆಕ್ಕ ಇದೆ, ಅದನ್ನ ಹಾಲಿನ ಪುಸ್ತಕದಲ್ಲೇ ಮಾಡಿ ತೋರಿಸ್ದೆ. 200 ವ್ಯಾಟ್ ಹೀಟರ್ ಒಂದು ಗಂಟೆಗೆ 720 ಕಿಲೋಜೂಲ್ ಶಾಖ ಕೊಡುತ್ತೆ. 230 ಲೀಟರ್ ಉಪ್ಪುನೀರು ಒಂದು ಡಿಗ್ರಿ ಏರೋಕೆ ಸುಮಾರು 920 ಕಿಲೋಜೂಲ್ ಬೇಕು. ಅಂದ್ರೆ ಗಂಟೆಗೆ ಮುಕ್ಕಾಲು ಡಿಗ್ರಿ, ಗಾಜಿಂದ ಹೊರಗೆ ಹೋಗೋ ಶಾಖ ಕಳೆದ್ರೆ ಅರ್ಧಕ್ಕಿಂತ ಸ್ವಲ್ಪ ಮೇಲೆ. ಮಧ್ಯರಾತ್ರಿ ಅಂಟ್ಕೊಂಡಿದ್ರೆ ಬೆಳಗ್ಗೆ ಹತ್ತಕ್ಕೆ ಆರು ಡಿಗ್ರಿ, 25.5ರಿಂದ 31.5, ಸರಿಯಾಗಿ ಕೂತ್ಕೊಂಡಿತು. ಈಗ ಕೇಳ್ಬೇಕಾಗಿರೋದು ಬೆಂಗಳೂರಲ್ಲಿ ಈ ಟ್ಯಾಂಕಿಗೆ 200 ವ್ಯಾಟ್ ಯಾಕೆ ಅಂತ. ಜನವರಿ ರಾತ್ರಿ ಹೊರಗೆ 15-16 ಇದ್ರೂ ಹಾಲ್ ಒಳಗೆ 21ಕ್ಕಿಂತ ಕೆಳಗಿಳಿಯಲ್ಲ, ಏರಿಸ್ಬೇಕಾಗಿರೋದು ನಾಲ್ಕೈದು ಡಿಗ್ರಿ, ಅದ್ರಲ್ಲೂ ಪಂಪ್‌ಗಳ ಶಾಖವೇ ಸ್ವಲ್ಪ ಕೆಲ್ಸ ಮಾಡುತ್ತೆ. 75 ವ್ಯಾಟಿನ ಎರಡು ಚಿಕ್ಕ ಹೀಟರ್ ಹಾಕಿದ್ರೆ, ಒಂದು ಅಂಟ್ಕೊಂಡ್ರೂ ರಾತ್ರಿ ಬೆಳಗಾಗೋದ್ರಲ್ಲಿ ಒಂದೆರಡು ಡಿಗ್ರಿ ಏರಬಹುದು ಅಷ್ಟೇ, ಒಂದು ಸತ್ತೋದ್ರೆ ಇನ್ನೊಂದು ಅರ್ಧ ಹೊರೆ ಹೊರುತ್ತೆ. ಅಂಗಡಿಯವ್ರು "ದೊಡ್ಡದೇ ಇರ್ಲಿ ಸಾರ್, ಸೇಫು" ಅಂತ ಕೊಟ್ಟಿದ್ದೇ ಅನ್‌ಸೇಫ್ ಆಗಿತ್ತು.

ಭಾವ ಸುಮ್ನಿದ್ರು ಸ್ವಲ್ಪ ಹೊತ್ತು. ಆಮೇಲೆ "ಸರಿ, ಮುಂದಿಂದು" ಅಂದ್ರು.

ಎರಡನೇದು ಎಟಿಓ, ಅಂದ್ರೆ ಆವಿಯಾದ ನೀರನ್ನ ತಾನೇ ತುಂಬೋ ಪಂಪು. ಅದ್ರ ಫ್ಲೋಟ್ ಸ್ವಿಚ್ ಮೇಲೆ ಒಂದು ಬಸವನಹುಳ ಹತ್ತಿ ಕೂತಿತ್ತು, ನೀರು ಕಮ್ಮಿ ಇದೆ ಅನ್ಕೊಂಡು ಪಂಪು ಕ್ಯಾನಲ್ಲಿದ್ದ ಹದಿನೈದು ಲೀಟರ್ ಆರ್‌ಓ ನೀರನ್ನ ಪೂರ್ತಿ ಸುರೀತು. 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ) ಇದ್ದ ಉಪ್ಪು 33ಕ್ಕೆ ಇಳೀತು, ಯಾರೂ ಸಾಯ್ಲಿಲ್ಲ. ಯಾಕೆ ಸಾಯ್ಲಿಲ್ಲ? ಕ್ಯಾನೇ ಚಿಕ್ಕದು ಅದಕ್ಕೆ. ಇದೇ ಭಾವ ಎರಡು ತಿಂಗಳಿಂದ "ನೂರು ಲೀಟರ್ ಡ್ರಮ್ ಇಟ್ರೆ ತಿಂಗಳಿಗೊಂದ್ಸಲ ತುಂಬಿದ್ರೆ ಸಾಕು" ಅಂತಿದ್ರು. ಆ ಡ್ರಮ್ ಇದ್ದಿದ್ರೆ ಟ್ಯಾಂಕ್ ಅಲ್ಲ, ಕೆಳಗಿನ ಮನೆಯವ್ರ ಸೀಲಿಂಗ್ ಬಗ್ಗೆ ಬರೀಬೇಕಿತ್ತು ನಾನು.

ಮೂರನೇದು ಮೇ ತಿಂಗಳ ಮಳೆಗಾಳಿ, ಮರ ಬಿದ್ದು ಏಳು ಗಂಟೆ ಕರೆಂಟ್ ಇರ್ಲಿಲ್ಲ. ಇಲ್ಲಿ ಕಂಟ್ರೋಲರ್ ಏನು ಮಾಡ್ತಿತ್ತು? ಕರೆಂಟ್ ಹೋಗಿದೆ ಅಂತ ಮೆಸೇಜ್ ಕಳಿಸ್ತಿತ್ತು, ಅದೂ ವೈಫೈ ರೂಟರ್‌ಗೆ ಕರೆಂಟ್ ಇದ್ರೆ. ಕರೆಂಟ್ ಹೋಗಿರೋದು ಗೊತ್ತಾಗೋಕೆ ಬೆಂಗಳೂರಲ್ಲಿ ಯಾರಿಗೂ ಮೆಸೇಜ್ ಬೇಕಾಗಿಲ್ಲ. ಬೇಕಿದ್ದಿದ್ದು ಇನ್ವರ್ಟರ್ ಲೈನು, ಅದು ಹಾಲಿನ ಫ್ಯಾನಿಗಿತ್ತು, ಟಿವಿಗಿತ್ತು, ಟ್ಯಾಂಕ್ ಪಕ್ಕದ ಸಾಕೆಟ್‌ಗೆ ಮಾತ್ರ ಇರ್ಲಿಲ್ಲ. ಅವತ್ತು ಅತ್ತೆ ಏಳು ಗಂಟೆ ಟಿವಿ ನೋಡಿದ್ದಾರೆ, ಪಕ್ಕದಲ್ಲಿ ಮೀನು ಉಸಿರಿಗೆ ಒದ್ದಾಡಿದೆ.

ನಾಲ್ಕನೇದು ಬಿಡಿ, ಊಟ ಹಾಕುವಾಗ ರಿಟರ್ನ್ ಪಂಪ್ (ಕೆಳಗಿನ ಸಂಪಿಂದ ನೀರನ್ನ ಮೇಲಕ್ಕೆ ಕಳಿಸೋದು) ಆಫ್ ಮಾಡಿ ಮತ್ತೆ ಆನ್ ಮಾಡೋದು ಮರ್ತಿದ್ದು, ಮಾಡಿದ್ದು ಭಾವನೇ. ಕಂಟ್ರೋಲರಲ್ಲಿ ಫೀಡ್ ಮೋಡ್ ಅಂತ ಇರುತ್ತೆ, ಹತ್ತು ನಿಮಿಷಕ್ಕೆ ತಾನೇ ಆನ್ ಆಗುತ್ತೆ, ಚೆನ್ನಾಗಿದೆ. ಸಾಧಾರಣ ಟೈಮರ್ ಸ್ವಿಚ್ಚಲ್ಲೂ ಆಗುತ್ತೆ.

ಇನ್ನು ಕೊಟೇಶನ್ನಿನ ದುಬಾರಿ ಭಾಗ, ಪ್ರೋಬ್‌ಗಳು ಮತ್ತು ಟೆಸ್ಟ್ ಮಾಡೋ ಡಬ್ಬಿ. ಇಲ್ಲೇ ಆ ಶೆಡ್ಯೂಲ್ 1ರ ಮಾತು ಬರೋದು. ಗಟ್ಟಿ ಹವಳ ಅಸ್ಥಿ ಕಟ್ಟೋದು ಕ್ಯಾಲ್ಸಿಯಂ ಕಾರ್ಬೋನೇಟ್‌ನಿಂದ, ಅದಕ್ಕೆ ನೀರಲ್ಲಿರೋ ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿ ದಿನಾ ಎಳ್ಕೊಳುತ್ತೆ. ತುಂಬಿರೋ ಟ್ಯಾಂಕಲ್ಲಿ ದಿನಕ್ಕೆ ಒಂದೆರಡು ಡಿಕೆಎಚ್ (ಆಲ್ಕಲಿನಿಟಿಯ ಅಳತೆ) ಇಳಿದುಬಿಡುತ್ತೆ, ಆಗ ಕಮ್ಮಿಯಾಗಿದ್ದನ್ನ ಹನಿ ಹನಿ ತುಂಬೋ ಡೋಸಿಂಗ್ ಪಂಪು ಬೇಕು, ಆ ಪಂಪಿನ ಮೇಲೆ ಕಣ್ಣಿಡೋಕೆ ನೆಪ್ಚೂನ್‌ನ ಟ್ರೈಡೆಂಟ್ ಥರದ ಟೆಸ್ಟ್ ಡಬ್ಬಿ ಬೇಕು. ಅದು ದಿನಕ್ಕೆ ನಾಲ್ಕು ಸಲ ಆಲ್ಕಲಿನಿಟಿ, ಎರಡು ಸಲ ಕ್ಯಾಲ್ಸಿಯಂ ಮೆಗ್ನೀಸಿಯಂ ನೋಡುತ್ತೆ. ಹೊರದೇಶದಲ್ಲಿ ಕಂಟ್ರೋಲರ್ ಇಷ್ಟು ಬೆಳೆದಿರೋದೇ ಗಟ್ಟಿ ಹವಳ ಸಾಕೋರಿಂದ. ಭಾವನ ಟ್ಯಾಂಕಲ್ಲಿ ಇರೋದು ಜೋಆಂಥಿಡ್, ಮಶ್ರೂಮು, ಲೆದರು, ಇವಕ್ಕೆ ಅಸ್ಥಿಯೇ ಇಲ್ಲ, ಲೆದರ್ ಒಳಗೆ ಸಣ್ಣ ಸಣ್ಣ ಸುಣ್ಣದ ಚೂರು ಇರುತ್ತೆ ಅಷ್ಟೇ. ಅಕ್ಕನ ಪುಸ್ತಕದಲ್ಲಿ ಆರು ತಿಂಗಳ ಆಲ್ಕಲಿನಿಟಿ ಟೆಸ್ಟ್ ಇತ್ತು: 8.3, 8.1, 8.4, 8.0, ಮತ್ತೆ 8.3. ಹದಿನೈದು ದಿನಕ್ಕೊಮ್ಮೆ ಇಪ್ಪತ್ಮೂರು ಲೀಟರ್ ನೀರು ಬದಲಾಯಿಸೋದ್ರಿಂದಲೇ ಎಲ್ಲಾ ಸರಿಹೋಗ್ತಿತ್ತು. ಅಲುಗಾಡದೇ ಇರೋದನ್ನ ದಿನಕ್ಕೆ ನಾಲ್ಕು ಸಲ ಅಳೆಯೋಕೆ ದುಡ್ಡು ಕೊಡೋದಾ ಅಂತ ಕೇಳ್ದೆ.

ಪಿಎಚ್ ವಿಷ್ಯ ಇನ್ನೂ ಮಜಾ. ಟ್ಯಾಂಕ್ ಇರೋ ಗೋಡೆಯ ಆಚೆ ದೇವರ ಮನೆ, ಮುಂದೆ ಅಡುಗೆ ಮನೆ. ಕಿಟಕಿ ಮುಚ್ಚಿ ಮೂರು ಒಲೆ ಹಚ್ಚಿದ್ರೆ ಮನೇಲಿ ಕಾರ್ಬನ್ ಡೈಆಕ್ಸೈಡ್ ಏರುತ್ತೆ, ನೀರಲ್ಲಿ ಕರಗುತ್ತೆ, ಪಿಎಚ್ ಇಳಿಯುತ್ತೆ, 8.2 ಇದ್ದಿದ್ದು 7.9 ಆಗ್ಬಹುದು, ಬೆಳಗ್ಗೆ ಕಿಟಕಿ ತೆಗೆದ್ರೆ ಮತ್ತೆ ಮೇಲಕ್ಕೆ. ಇದರಿಂದ ಮೀನಿಗೆ ಏನೂ ಆಗಲ್ಲ. ಆದ್ರೆ ಆ ಗ್ರಾಫ್ ಫೋನಲ್ಲಿ ಬಂತು ಅಂದ್ಕೊಳ್ಳಿ, ಚೆನ್ನೈಲಿ ಮೀಟಿಂಗಲ್ಲಿ ಕೂತಿರೋ ಮನುಷ್ಯ ಮನೆಗೆ ಫೋನ್ ಮಾಡಿ "ಅಮ್ಮ, ಒಲೆ ಆರಿಸು" ಅನ್ನೋಕೆ ಶುರು ಮಾಡ್ತಾರೆ, ನನಗೆ ನಮ್ ಭಾವ ಗೊತ್ತು. ಮೇಲಾಗಿ ಪಿಎಚ್ ಪ್ರೋಬ್ ಅನ್ನೋದು ಒಂದೊಂದೂವರೆ ವರ್ಷದಲ್ಲಿ ಮುದಿಯಾಗುತ್ತೆ, ಅಲ್ಲೀವರೆಗೂ 7 ಮತ್ತು 10ರ ದ್ರಾವಣದಲ್ಲಿ ಅದ್ದಿ ಆಗಾಗ ಕ್ಯಾಲಿಬ್ರೇಟ್ ಮಾಡ್ಬೇಕು. ಸಲಿನಿಟಿ ಪ್ರೋಬ್‌ಗೂ ಅದರದ್ದೇ ದ್ರಾವಣ. ಮಾಡದೇ ಬಿಟ್ರೆ ಪ್ರೋಬ್ ಸುಳ್ಳು ಹೇಳುತ್ತೆ, ಅದೂ ಎರಡು ದಶಾಂಶ ಸ್ಥಾನದವರೆಗೆ.

ಇನ್ನೊಂದು ಸಂಗತಿ ಪವರ್ ಬಾರ್. ಅಮೆರಿಕದ ಮನೆಗಳಲ್ಲಿ 120 ವೋಲ್ಟ್, ನಮ್ಮಲ್ಲಿ 230. ಕೊಟೇಶನ್ ಜೊತೆಗಿದ್ದ ಫೋಟೋ ಝೂಮ್ ಮಾಡಿ ನೋಡಿದ್ರೆ ಅಲ್ಲಿನ ಚಪ್ಪಟೆ ಪಿನ್ನಿನ ಬಾರು. "ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದ್ರಾಯ್ತು" ಅಂದ್ರಂತೆ ತರಿಸೋರು. ಹಂಗೆ ಮಾಡಿದ್ರೆ ಇಲ್ಲಿ ತಗೊಂಡಿರೋ 230 ವೋಲ್ಟಿನ ಹೀಟರ್, ಪಂಪು ಯಾವ್ದೂ ಆ ಬಾರಿಗೆ ಸರಿಹೋಗಲ್ಲ, ಎಲ್ಲಾ ಹೊಸದು. ಯುರೋಪಿನ 230 ವೋಲ್ಟಿಂದೂ ಸಿಗುತ್ತೆ, ಆದ್ರೆ ಆ ಗುಂಡು ಪಿನ್ನನ್ನ ನಮ್ಮ ಸಾಕೆಟ್ಟಲ್ಲಿ ತುರುಕಿದ್ರೆ ಅರ್ಥಿಂಗ್ ಮುಟ್ಟಲ್ಲ. ಉಪ್ಪುನೀರು, ಬರಿಗಾಲು, ಒರೆಸಿದ ನೆಲ, ಅರ್ಥಿಂಗ್ ಇಲ್ಲ, ಬೇಡಪ್ಪಾ.

ಅರ್ಥಿಂಗ್ ಮಾತು ಬಂದಿದ್ದಕ್ಕೆ ಕ್ಯಾಬಿನೆಟ್ ಬಾಗಿಲು ತೆಗ್ದು ಟಾರ್ಚ್ ಬಿಟ್ಟು ನೋಡಿದ್ವಿ. ಎಕ್ಸ್‌ಟೆನ್ಶನ್ ಬೋರ್ಡ್ ಸಂಪ್ ಪಕ್ಕದ ಪ್ಲೈವುಡ್ಡಿಗೆ ಸ್ಕ್ರೂ ಹೊಡೆದಿತ್ತು. ಮೂರನೇ ಸಾಕೆಟ್ಟಿನ ತೂತುಗಳ ಸುತ್ತ ಉಪ್ಪು ಕಟ್ಟಿ ಕಲ್ಲುಸಕ್ಕರೆ ಥರ ಹರಳು ಹರಳಾಗಿ ಬೆಳೆದಿತ್ತು, ಒಂದು ಪಿನ್ನಿನ ಬುಡ ಹಸಿರುಗಟ್ಟಿ ಪ್ಲಾಸ್ಟಿಕ್ ಅಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಪಂಪಿನ ವಯರು ಮೇಲಿಂದ ನೇರ ಬೋರ್ಡಿಗೆ ಇಳಿದಿತ್ತು, ಒಂದು ಹನಿ ನೀರು ಆ ವಯರ್ ಹಿಡ್ಕೊಂಡು ಹೊರಟ್ರೆ ಸೀದಾ ಸಾಕೆಟ್ಟೊಳಗೇ. ವಯರ್ ಬೋರ್ಡಿಗಿಂತ ಕೆಳಗೆ ಇಳಿದು ಯು ಆಕಾರದಲ್ಲಿ ಮತ್ತೆ ಮೇಲೆ ಹತ್ಬೇಕು, ಆಗ ಹನಿ ಕೆಳಗೇ ಉದುರಿ ಹೋಗುತ್ತೆ, ಇದಕ್ಕೆ ನಯಾಪೈಸೆ ಖರ್ಚಿಲ್ಲ. ಮೀಟರ್ ಬೋರ್ಡಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಲೈನ್ ಕಟ್ ಮಾಡೋ ಸ್ವಿಚ್ಚು) ಇದೆಯಾ ಅಂತ ನೋಡಿದ್ರೆ ಇಲ್ಲ, ಹಳೇ ಮನೆ. ನಾಲ್ಕು ಎಡವಟ್ಟಿನ ಪಟ್ಟಿಯಲ್ಲಿ ಇದು ಇರ್ಲೇ ಇಲ್ಲ, ಯಾಕಂದ್ರೆ ಇನ್ನೂ ಆಗಿರ್ಲಿಲ್ಲ. ನನ್ ಕೇಳಿದ್ರೆ ಆವತ್ತು ನಾವು ಕಂಡಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ, ಸಾಯೋದು ಮೀನಲ್ಲ ಇಲ್ಲಿ.

ಅಷ್ಟೊತ್ತಿಗೆ ಅಕ್ಕ ಕಾಫಿ ತಂದ್ಳು. ನಾವಿಬ್ರೂ ರೀಫ್-ಪೈ ಬಗ್ಗೆ ಮಾತಾಡ್ತಿದ್ವಿ. ಅದು ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್ ಮೇಲೆ ಓಡೋ ಕಂಟ್ರೋಲರ್, ಸಾಫ್ಟ್‌ವೇರ್ ಪುಕ್ಕಟೆ, ಓಪನ್ ಸೋರ್ಸ್, ರಿಲೇ ಬೋರ್ಡು, ಡಿಎಸ್18ಬಿ20 ಟೆಂಪರೇಚರ್ ಸೆನ್ಸರು ಎಲ್ಲಾ ಎಸ್‌ಪಿ ರೋಡಲ್ಲಿ ಸಿಗುತ್ತೆ. ನನ್ನ ಟ್ಯಾಂಕಲ್ಲಿ ಎರಡು ವರ್ಷದಿಂದ ಓಡ್ತಿದೆ, ನನಗೆ ಇಷ್ಟ. ಭಾವನಿಗೂ ಆಸೆ ಹತ್ತಿತ್ತು. ಆದ್ರೆ ಒಂದ್ಸಲ ಕರೆಂಟ್ ಹೋಗಿ ಬಂದಾಗ ನನ್ನ ಎಸ್‌ಡಿ ಕಾರ್ಡ್ ಕೆಟ್ಟು ಬೋರ್ಡು ಬೂಟ್ ಆಗ್ಲಿಲ್ಲ, ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಇಟ್ಕೊಂಡು ಕೂತು ಸರಿ ಮಾಡ್ದೆ. ನಾನು ಮನೇಲಿರ್ತೀನಿ, ನನಗೆ ಅದೇ ಒಂದು ಆಟ. ಅತ್ತೆ ಕೂತು ಎಸ್‌ಡಿ ಕಾರ್ಡ್ ಫ್ಲಾಶ್ ಮಾಡೋಕಾಗುತ್ತಾ?

ಅಕ್ಕ ಲೋಟ ಇಡ್ತಾ ಕೇಳಿದ್ಳು, "ರೀ, ಅದು ಮೆಸೇಜ್ ಕಳ್ಸುತ್ತೆ ಸರಿ. ಯಾರಿಗೆ ಕಳ್ಸುತ್ತೆ?"

"ನನಗೆ."

"ನೀವು ಚೆನ್ನೈಲಿರ್ತೀರ. ಆಮೇಲೆ?"

"ನಿನಗೆ ಫೋನ್ ಮಾಡ್ತೀನಿ."

"ನಾನು ಕ್ಯಾಶ್ ಕೌಂಟರಲ್ಲಿರ್ತೀನಿ, ಫೋನ್ ಡ್ರಾಯರಲ್ಲಿರುತ್ತೆ. ಆಮೇಲೆ?"

ಭಾವ ಅತ್ತೆ ಕಡೆ ನೋಡಿದ್ರು. ಅತ್ತೆ ಬಟಾಣಿ ಬಿಡಿಸ್ತಾ ಇದ್ರು. "ನನ್ನ ಯಾಕೋ ನೋಡ್ತೀಯ, ಯಾವ ಸ್ವಿಚ್ಚು ಅಂತ ಹೇಳಿದ್ರೆ ಆಫ್ ಮಾಡ್ತೀನಿ, ಅದಕ್ಕಿಂತ ಹೆಚ್ಚಿಗೆ ನನಗೆ ಹೇಳ್ಬೇಡ."

ತೀರ್ಮಾನ ಅಲ್ಲೇ ಆಯ್ತು ಅಂತ ನನ್ನ ಲೆಕ್ಕ. ಕಂಟ್ರೋಲರ್ ಮಾಡೋದು ಮೂರು ಕೆಲ್ಸ: ನೋಡೋದು, ಹೇಳೋದು, ಆನ್ ಆಫ್ ಮಾಡೋದು. ಈ ಮನೆಗೆ ಆನ್ ಆಫ್ ಬೇಕು, ಅದೂ ಯಾರ ಕೈಯೂ ಇಲ್ಲದೆ ಆಗ್ಬೇಕು. ಹೇಳಿಸ್ಕೊಂಡು ಓಡಿ ಬರೋರು ವಾರದ ಐದು ದಿನ ಮನೇಲಿಲ್ಲ. ಹಂಗಾಗಿ ದುಡ್ಡು ಹಾಕ್ಬೇಕಾಗಿರೋದು ಹೇಳೋ ಸಾಮಾನಿಗಲ್ಲ, ಕೆಟ್ರೂ ಮೆಲ್ಲಗೆ ಕೆಡೋ ಸಾಮಾನಿಗೆ.

ಮುಂದಿನ ಶನಿವಾರ ಇಬ್ರೂ ಎಸ್‌ಪಿ ರೋಡಿಗೆ ಹೋದ್ವಿ. ಎಸ್‌ಟಿಸಿ-1000 ಅನ್ನೋ ಟೆಂಪರೇಚರ್ ಕಂಟ್ರೋಲರ್ ಎರಡು, ತಲಾ 420 ರೂಪಾಯಿ, ಕೋಳಿಮರಿ ಇನ್‌ಕ್ಯುಬೇಟರ್ ಮಾಡೋರೆಲ್ಲಾ ತಗೊಂಡು ಹೋಗ್ತಾರಲ್ಲ ಅದೇ. ಒಂದು ಹೀಟಿಂಗ್, ಒಂದು ಕೂಲಿಂಗ್ ರಿಲೇ ಇರುತ್ತೆ. ಮೊದಲನೇದು 25.5ಕ್ಕೆ ಹೀಟರ್ ನಿಲ್ಲಿಸುತ್ತೆ, ಬೇಸಿಗೆಲಿ 27ಕ್ಕೆ ಫ್ಯಾನ್ ಹಚ್ಚುತ್ತೆ. ಎರಡನೇದು ಅದೇ ಹೀಟರ್ ಲೈನಲ್ಲಿ ಸೀರೀಸಲ್ಲಿದೆ, 26.5ಕ್ಕೆ ಕಟ್. ಹೀಟರಿನ ಸ್ವಂತ ಥರ್ಮೋಸ್ಟಾಟ್ 27ಕ್ಕೆ ಇಟ್ವಿ. ಅಂದ್ರೆ ಮೂರೂ ಒಟ್ಟಿಗೆ ಅಂಟ್ಕೊಂಡ್ರೆ ಮಾತ್ರ ನೀರು ಕಾಯೋದು, ಆಗ್ಲೂ ಇರೋದು 75 ವ್ಯಾಟಿನ ಎರಡು ಹೀಟರ್. ಎರಡು ಸೆನ್ಸರ್ ಇರೋ ಎಟಿಓ, ಒಂದು ಕಣ್ಣಿನ ಥರ ಬೆಳಕಲ್ಲಿ ನೋಡೋದು, ಮೇಲೊಂದು ಫ್ಲೋಟು, ಮೂರು ನಿಮಿಷಕ್ಕಿಂತ ಜಾಸ್ತಿ ಪಂಪು ಓಡಿದ್ರೆ ತಾನೇ ನಿಲ್ಲುತ್ತೆ. ಕ್ಯಾನ್ ಇಪ್ಪತ್ತು ಲೀಟರಿಂದು, ಅದಕ್ಕಿಂತ ದೊಡ್ಡದು ಬೇಡ ಅಂತ ನಾನೇ ಹಟ ಹಿಡಿದೆ. ಎಲೆಕ್ಟ್ರಿಷಿಯನ್ ಬಂದು 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿ, ಇನ್ವರ್ಟರಿಂದ ಒಂದು ಲೈನ್ ಎಳೆದು, ಬೋರ್ಡನ್ನ ಕ್ಯಾಬಿನೆಟ್ ಹೊರಗೆ ಗೋಡೆ ಮೇಲೆ ಕೂರಿಸಿದ. ಇನ್ವರ್ಟರ್ ಲೈನಿಗೆ ವೇವ್‌ಮೇಕರ್ (ಟ್ಯಾಂಕೊಳಗೆ ನೀರು ಓಡಾಡಿಸೋ ಪಂಪು), ರಿಟರ್ನ್ ಪಂಪ್ ಮತ್ತು ವೈಫೈ ರೂಟರ್ ಮಾತ್ರ, ಹೀಟರ್ ಹಾಕಿದ್ರೆ ಬ್ಯಾಟರಿ ಕುಡಿದುಬಿಡುತ್ತೆ. ನಮ್ಮ ಪುಣ್ಯಕ್ಕೆ ಇನ್ವರ್ಟರ್ ಸೈನ್ ವೇವಿಂದು, ಸ್ಕ್ವೇರ್ ವೇವಿನದ್ದಾಗಿದ್ರೆ ಪಂಪುಗಳು ಗುಂಯ್ ಅಂತ ಬಿಸಿಯಾಗ್ತಿದ್ವು. ಒಂದು ಬ್ಯಾಟರಿ ಏರ್ ಪಂಪ್, ಒಂದು ದಪ್ಪಕ್ಷರದ ಥರ್ಮಾಮೀಟರ್. ಎಲ್ಲಾ ಸೇರಿ ಹದಿನಾಲ್ಕು ಸಾವಿರದ ಚಿಲ್ರೆ, ಅದ್ರಲ್ಲಿ ಐದೂವರೆ ವಯರಿಂಗಿಗೇ.

ಭಾವನ ಮುಖ ಮಾತ್ರ ಇನ್ನೂ ಸರಿಯಾಗಿರ್ಲಿಲ್ಲ. ಕೇಳಿದ್ರೆ "ಎಲ್ಲಾ ಸರಿ ಕಣಪ್ಪಾ, ಆದ್ರೆ ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತೆ, ಅಲ್ಲಿ ಏನಾಗ್ತಿದೆಯೋ ಅಂತ." ಇದಕ್ಕೆ ನನ್ನ ಹತ್ರ ಲೆಕ್ಕ ಇಲ್ಲ. ಟ್ಯಾಂಕಿಗೆ ಬೇಡದೇ ಇದ್ರೂ ಟ್ಯಾಂಕಿನ ಯಜಮಾನನಿಗೆ ಬೇಕಾಗೋ ಸಾಮಾನು ಇರುತ್ತೆ, ಅದನ್ನ ಶೋಕಿ ಅಂತ ತಳ್ಳಿಬಿಡೋದು ತಪ್ಪು. ಕೊನೆಗೆ ಒಂದು ಸಾಧಾರಣ ವೈಫೈ ಕ್ಯಾಮೆರಾ ತಂದು ಎದುರುಗಡೆ ಇಟ್ವಿ, ಫ್ರೇಮಲ್ಲಿ ಮೂರೇ ವಸ್ತು ಕಾಣ್ಬೇಕು: ಥರ್ಮಾಮೀಟರಿನ ಅಂಕಿ, ಸಂಪಿನ ಗಾಜಿಗೆ ಅಂಟಿಸಿದ ಕೆಂಪು ಟೇಪು, ಕ್ಯಾನಿನ ನೀರಿನ ಮಟ್ಟ. ಕ್ಯಾಬಿನೆಟ್ ಬಾಗಿಲೇ ಕಿತ್ತು ಇಟ್ಟಿದೀವಿ. ಮೂರನೇ ದಿನ ಅತ್ತೆ ಕ್ಯಾಮೆರಾನ ಗೋಡೆ ಕಡೆ ತಿರುಗಿಸಿಬಿಟ್ಟಿದ್ರು, ತಲೆ ಬಾಚ್ಕೊಳೋವಾಗ ಮಗ ಚೆನ್ನೈಲಿ ಕೂತು ನೋಡ್ತಾನೆ ಅಂತ. ಆಮೇಲೆ ಅದಕ್ಕೊಂದು ರಟ್ಟಿನ ಕಣ್ಣುಪಟ್ಟಿ ಕಟ್ಟಿ ಜಟಕಾ ಕುದುರೆ ಥರ ಮುಂದೆ ಮಾತ್ರ ಕಾಣೋ ಹಾಗೆ ಮಾಡಿದ್ದಾಯ್ತು.

ಏಪ್ರಿಲಲ್ಲಿ ನಮ್ಮ ಏರ್ಪಾಡಿನ ಹುಳುಕು ಹೊರಬಂತು. ಬೆಂಗಳೂರಿನ ಏಪ್ರಿಲ್ ಮೊದಲಿನಂಗಿಲ್ಲ, 2016ರಲ್ಲಿ 39.2 ಮುಟ್ಟಿದ್ದು ನೆನಪಿರಬಹುದು, ಈ ವರ್ಷ ಹಾಲಲ್ಲಿ ಮಧ್ಯಾಹ್ನ 31. ಫ್ಯಾನ್ ಬೆಳಗ್ಗೆ ಹತ್ತಕ್ಕೆ ಶುರುವಾದ್ರೆ ರಾತ್ರಿವರೆಗೂ ಓಡ್ತಿತ್ತು. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,430 ಕಿಲೋಜೂಲ್ ಶಾಖ ಎತ್ಕೊಂಡು ಹೋಗುತ್ತೆ, ಈ ಟ್ಯಾಂಕಿಗೆ ಅದು ಎರಡು ಡಿಗ್ರಿಗಿಂತ ಮೇಲಾಯ್ತು, ಚಿಲ್ಲರ್ ಬೇಡ ಅನ್ನೋಕೆ ಅದೇ ಧೈರ್ಯ. ನೀರು 27.5 ದಾಟ್ಲಿಲ್ಲ, ಅದು ಸರಿ. ಆದ್ರೆ ದಿನಕ್ಕೆ ಎರಡು ಲೀಟರ್ ಹೋಗ್ತಿದ್ದ ನೀರು ಐದು ಲೀಟರ್ ಆಯ್ತು, ಭಾನುವಾರ ತುಂಬಿದ ಕ್ಯಾನ್ ಗುರುವಾರಕ್ಕೆ ಖಾಲಿ. ಕ್ಯಾನ್ ಚಿಕ್ಕದಿರಲಿ ಅಂದವನು ನಾನೇ, ಬೇಸಿಗೆ ಲೆಕ್ಕ ಹಾಕದೇ ಇದ್ದವನೂ ನಾನೇ.

ಭಾವ ಊಟದ ಹೊತ್ತಿಗೆ ಕ್ಯಾಮೆರಾ ತೆಗ್ದು ನೋಡಿದ್ರೆ ನೀರು ಕೆಂಪು ಟೇಪಿನ ಕೆಳಗೆ. ಅತ್ತೆಗೆ ಫೋನು: "ಅಮ್ಮ, ಸಂಪಲ್ಲಿ ನೀರು ಕಮ್ಮಿಯಾಗಿದೆ." ಅತ್ತೆ ಮೆಟ್ಲಿಳಿದು ಗೇಟ್ ಹತ್ರ ಹೋಗಿ ಕಬ್ಬಿಣದ ಮುಚ್ಚಳ ಎತ್ತಿಸಿ ನೋಡಿ, ಮತ್ತೆ ಮೇಲೆ ಹತ್ತಿ ಬಂದು ಫೋನ್ ಮಾಡಿದ್ದಾರೆ, "ಸಂಪು ತುಂಬಿದೆಯಲ್ಲೋ, ಬೆಳಗ್ಗೆ ತಾನೇ ಕಾವೇರಿ ನೀರು ಬಿಟ್ಟಿದ್ರು." ಅಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿದೆ, ರಿಟರ್ನ್ ಪಂಪು ಗಾಳಿ ಎಳೀತಾ ಕರಕರ ಅಂತಿದೆ. ಕೊನೆಗೆ "ಟ್ಯಾಂಕ್ ಕೆಳಗಿನ ಗಾಜಿನ ಪೆಟ್ಟಿಗೆಗೆ ನೀಲಿ ಕ್ಯಾನಿಂದ ನಾಲ್ಕು ಚೊಂಬು" ಅಂತ ಹೇಳಿದ್ಮೇಲೆ ಕೆಲ್ಸ ಆಯ್ತು. ಅವತ್ತಿಂದ ಆ ಮನೇಲಿ ಅದ್ರ ಹೆಸರೇ ಗಾಜಿನ ಪೆಟ್ಟಿಗೆ, ಗೋಡೆ ಮೇಲೆ ಅಕ್ಕ ದಪ್ಪಕ್ಷರದಲ್ಲಿ ಚೀಟಿ ಬರೆದು ಅಂಟಿಸಿದ್ದಾಳೆ, ಪಕ್ಕದಲ್ಲಿ ಎರಡನೇ ಕ್ಯಾನ್ ತುಂಬಿಟ್ಟಿರುತ್ತೆ, ಆದ್ರೆ ಪಂಪಿಗೆ ಜೋಡಿಸಿಲ್ಲ, ಬುಧವಾರ ಅತ್ತೆನೇ ಚೊಂಬಲ್ಲಿ ಎತ್ತಿ ಮೊದಲನೇ ಕ್ಯಾನಿಗೆ ಹಾಕ್ತಾರೆ.

ಜುಲೈಯಲ್ಲಿ ಇನ್ನೊಂದಾಯ್ತು, ಇದು ಕಂಟ್ರೋಲರ್ ಕಡೆಗೆ ಹೋಗೋ ಅಂಕ. ರಾತ್ರಿ ಯಾವಾಗ್ಲೋ ರಿಟರ್ನ್ ಪಂಪಿಗೆ ಕಸ ಸಿಕ್ಕಿ ನಿಂತು ಹೋಗಿದೆ, ಅಕ್ಕ ನೋಡಿದ್ದು ಬೆಳಗ್ಗೆ ಆರೂವರೆಗೆ. ವೇವ್‌ಮೇಕರ್ ಓಡ್ತಿದ್ದಿದ್ರಿಂದ ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಹೀಟರೂ ಸೆನ್ಸರೂ ಕೆಳಗಿನ ಪೆಟ್ಟಿಗೇಲಿ, ಮೀನು ಮೇಲೆ. ಎರಡರ ನೀರೂ ಸೇರದೇ ಮೇಲೆ 23ಕ್ಕೆ ಇಳಿದಿತ್ತು. ಕಂಟ್ರೋಲರಿದ್ದಿದ್ರೆ ಪಂಪು ಎಳೆಯೋ ಕರೆಂಟ್ ನೋಡಿ ನಿಂತ ಕೂಡ್ಲೆ ಗುರುತು ಹಿಡೀತಿತ್ತು. ಭಾವ ಆವತ್ತು ನನಗೆ ಫೋನ್ ಮಾಡಿ, ನೋಡಪ್ಪಾ, ಅವತ್ತೇ ತಗೊಂಡಿದ್ರೆ ಎರಡು ಗಂಟೆಗೆ ನನಗೆ ಗೊತ್ತಾಗ್ತಿತ್ತು, ಇವಳನ್ನ ಎಬ್ಬಿಸ್ತಿದ್ದೆ ಅಂದ್ರು. ಅಕ್ಕ ಹಿಂದಿಂದ, ನನ್ನ ಫೋನು ಹತ್ತು ಗಂಟೆಗೆ ಸೈಲೆಂಟು ಅಂದ್ಳು.

ಆ ಕೊಟೇಶನ್ ಇನ್ನೂ ಭಾವನ ಫೋನಲ್ಲಿದೆ, ಅಳಿಸಿಲ್ಲ. ಮುಂದಿನ ಏಪ್ರಿಲ್‌ಗೆ ಬೆಂಗಳೂರಿಗೆ ಟ್ರಾನ್ಸ್‌ಫರ್ ಸಿಗೋ ಹಂಗಿದೆಯಂತೆ, ಮನೇಲೇ ಇರ್ತೀನಲ್ಲ ಆಗ ನೋಡೋಣ ಅಂತಾರೆ. ಮನೇಲೇ ಇದ್ರೆ ಕಂಟ್ರೋಲರ್ ಯಾಕೆ ಅಂತ ಅತ್ತೆ ಕೇಳ್ತಾರೆ, ಮನೇಲಿದ್ರೆ ತಾನೇ ಅದು ಉಪಯೋಗಕ್ಕೆ ಬರೋದು ಅಂತ ನಾನು ಅಂತೀನಿ, ಇದಿನ್ನೂ ಮುಗಿದಿಲ್ಲ. ಸದ್ಯಕ್ಕೆ ಸೆನ್ಸರ್ ಎರಡರಲ್ಲಿ ಒಂದನ್ನ ಮೇಲಿನ ಟ್ಯಾಂಕಿಗೆ ಸಾಗಿಸ್ಬೇಕು, ಒಂದೂವರೆ ಮೀಟರ್ ವಯರ್ ಸಾಲಲ್ಲ, ಈ ಶನಿವಾರ ಬೆಸುಗೆ ಹಾಕೋಕೆ ಹೋಗ್ತಿದೀನಿ.